ಊರೆಲ್ಲ ರಜೆ, ನಮ್ಮವರಿಗೆ ಡ್ಯೂಟಿ

ಬೆಂಗಳೂರಿನ ಐಟಿ ಮತ್ತು ಇಂಜಿನಿಯರಿಂಗ್ ಕಂಪನಿಗಳ ಡೆಲಿವರಿ ಮ್ಯಾನೇಜರುಗಳಿಗೆ, ಪ್ರಾಜೆಕ್ಟ್ ಮ್ಯಾನೇಜರುಗಳಿಗೆ, ಅವರು ಕಳಿಸಿದ ಟ್ರಾವೆಲ್ ರಿಕ್ವೆಸ್ಟಿಗೆ ಅಪ್ರೂವಲ್ ಒತ್ತುವ ಹಿರಿಯರಿಗೆ,



ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಗೆ ಅಂಗಡಿ ಹಾಕುವ ದಿನಗಳಲ್ಲೇ ನಿಮ್ಮ ಲ್ಯಾಪ್‌ಟಾಪುಗಳಲ್ಲಿ ಬೇರೊಂದು ಲೆಕ್ಕಾಚಾರ ನಡೆದಿರುತ್ತದೆ. ಡಿಸೆಂಬರ್ ಮೂರನೇ ವಾರದಿಂದ ಜನವರಿ ಎರಡನೇ ವಾರದವರೆಗೆ ಸ್ಟುಟ್‌ಗಾರ್ಟಿಗೆ ಯಾರು, ಮ್ಯೂನಿಕ್ಕಿಗೆ ಯಾರು, ಬರ್ಮಿಂಗ್‌ಹ್ಯಾಮಿಗೆ ಯಾರು ಎಂಬ ಪಟ್ಟಿ. ಅದಕ್ಕೆ ನೀವು ಕೇಳಿಕೊಳ್ಳುವ ಪ್ರಶ್ನೆಗಳು ನಮಗೆಲ್ಲ ಬಾಯಿಪಾಠ. ವೀಸಾ ಇದೆಯೇ? ಮದುವೆಯಾಗಿದೆಯೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ? ಆಮೇಲೆ ನಾಲ್ಕನೆಯದು, ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿರುವಂಥದ್ದು: ಇವನಿಗೇನು ಕ್ರಿಸ್ಮಸ್ಸೇ?

ಈ ಪತ್ರ ಆ ನಾಲ್ಕನೆಯ ಪ್ರಶ್ನೆಯ ಕುರಿತು. ಕ್ರಿಸ್ಮಸ್ ನಮ್ಮಲ್ಲಿ ಬಹಳ ಜನರ ಮನೆಯ ಹಬ್ಬವಲ್ಲ, ನಿಜ. ಹಾಗಂತ ನಮ್ಮ ಡಿಸೆಂಬರ್ ಅಗ್ಗಕ್ಕೆ ಸಿಗುವ ಮಾಲಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಕೆಲಸದಲ್ಲಿದ್ದೇನೆ, ಅದರಲ್ಲಿ ಬಹುಪಾಲು ಜರ್ಮನಿಯ ಕಾರ್ಖಾನೆಗಳ ವರ್ಷಾಂತ್ಯದ ಕಟೋವರುಗಳು, ಅಂದರೆ ಹಳೆಯ ಸಿಸ್ಟಮ್ಮಿನಿಂದ ಹೊಸದಕ್ಕೆ ದಾಟಿಸುವ ಕೆಲಸ. ಕೆಲಸ ಕಲಿಸಿದ್ದು, ಸಂಬಳ ಕೊಟ್ಟಿದ್ದು, ಸೈಟು ಕೊಳ್ಳಲು ಮೊದಲ ಕಂತು ಕಟ್ಟಿಸಿದ್ದು ಅದೇ ಆನ್‌ಸೈಟ್. ಆದ್ದರಿಂದ ಯಾರನ್ನೂ ಕಳಿಸಬೇಡಿ ಎಂದು ಹೇಳಲು ಬಂದಿಲ್ಲ. ಕಳಿಸುವಾಗ ಏನೇನನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂಬುದನ್ನು ಹೇಳಬೇಕಿದೆ.

ಮೊದಲು ನಿಮ್ಮ ಕಡೆಯ ನ್ಯಾಯ. ಈ ಕೆಲಸ ಡಿಸೆಂಬರಿನಲ್ಲೇ ಆಗಬೇಕು ಎಂಬುದು ಯಾರದೋ ಹಟವಲ್ಲ. ನಮ್ಮ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿದರೆ ಅಲ್ಲಿನ ಹೆಚ್ಚಿನ ಕಂಪನಿಗಳದು ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಹಳೆಯ ಲೆಕ್ಕದ ಪುಸ್ತಕ ಮುಚ್ಚಿ ಹೊಸ ಸಿಸ್ಟಮ್ಮಿನಲ್ಲಿ ತೆರೆಯಲು ಜನವರಿ 1ರಷ್ಟು ಚೊಕ್ಕವಾದ ದಿನ ಬೇರೆ ಇಲ್ಲ. ಸರ್ಕಾರಗಳೂ ಅದೇ ದಿನ ಹಿಡಿಯುತ್ತವೆ. 1999ರ ಜನವರಿ 1ರಂದು ಯೂರೋ ಲೆಕ್ಕಪತ್ರಗಳಿಗೆ ಬಂತು. ಆ ದಿನ ಶುಕ್ರವಾರ, ರಜೆ. ಸೋಮವಾರ ಮಾರುಕಟ್ಟೆ ತೆರೆಯುವಷ್ಟರಲ್ಲಿ ಯುರೋಪಿನ ಬ್ಯಾಂಕುಗಳು ತಮ್ಮ ಪುಸ್ತಕಗಳನ್ನೆಲ್ಲ ಹೊಸ ಹಣಕ್ಕೆ ತಿರುಗಿಸಬೇಕಿತ್ತು. ಮರುವರ್ಷ ವೈಟೂಕೆ. ಬೆಂಗಳೂರಿನ ಒಂದು ಇಡೀ ತಲೆಮಾರು ವಿಮಾನ ಹತ್ತಿದ್ದೇ ಆ ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡಲು. 2020ರಲ್ಲಿ ಕೋವಿಡ್ ಕಾರಣಕ್ಕೆ ಜರ್ಮನಿ ತನ್ನ ಮೌಲ್ಯವರ್ಧಿತ ತೆರಿಗೆಯನ್ನು ಆರು ತಿಂಗಳ ಮಟ್ಟಿಗೆ ಶೇ 19ರಿಂದ 16ಕ್ಕೆ ಇಳಿಸಿತು. ಡಿಸೆಂಬರ್ 31ರ ರಾತ್ರಿ ಅದು ಮತ್ತೆ 19 ಆಯಿತು. ಆ ರಾತ್ರಿ ಬಿಲ್ಲಿಂಗ್ ಸಿಸ್ಟಮ್ಮುಗಳ ಮುಂದೆ ಯಾರಾದರೂ ಕೂರಲೇಬೇಕಿತ್ತು. ಕ್ರೊಯೇಷಿಯಾ ಯೂರೋಗೆ ಬಂದದ್ದು 2023ರ ಜನವರಿ 1, ಬಲ್ಗೇರಿಯಾ 2026ರ ಜನವರಿ 1.

ಕಾರ್ಖಾನೆಗಳ ಕಾರಣ ಇನ್ನೂ ಸರಳ. ಕಾರಿನ ಬಿಡಿಭಾಗ ಮಾಡುವ ಲೈನನ್ನು ಮಾಮೂಲು ದಿನ ನಿಲ್ಲಿಸಿದರೆ ಗಂಟೆಗಿಷ್ಟು ಎಂದು ನಷ್ಟ. ಕ್ರಿಸ್ಮಸ್ಸಿನಿಂದ ಹೊಸವರ್ಷದವರೆಗೆ ಲೈನು ಹೇಗೂ ನಿಂತಿರುತ್ತದೆ. ಬಾಡೆನ್-ವ್ಯುರ್ಟೆಂಬರ್ಗ್, ಬವೇರಿಯಾಗಳಲ್ಲಿ ಜನವರಿ 6 ಕೂಡ ರಜೆ, ಹಾಗಾಗಿ ಎಷ್ಟೋ ಕಡೆ ಅಲ್ಲಿಯವರೆಗೂ ಬಾಗಿಲು ತೆರೆಯುವುದಿಲ್ಲ. ಕಂಟ್ರೋಲರ್ ಬದಲಿಸಲು, ಸರ್ವರ್ ಸಾಗಿಸಲು ಅದೇ ಹೊತ್ತು. ಬ್ರಿಟನ್ನಿನಲ್ಲಿ ರೈಲ್ವೆಯವರು ಹಳಿಗಳ ದೊಡ್ಡ ದುರಸ್ತಿಗಳನ್ನು ಕ್ರಿಸ್ಮಸ್ ವಾರಕ್ಕೆ ಇಟ್ಟುಕೊಳ್ಳುವುದೂ ಇದೇ ತರ್ಕದಿಂದ. ಊರು ಮಲಗಿದಾಗ ರಸ್ತೆ ಗುಡಿಸುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅದರಲ್ಲಿ ಅವಮಾನವೇನಿಲ್ಲ.

ಇಷ್ಟು ಒಪ್ಪಿದ ಮೇಲೆ ಕೇಳಬೇಕಾದ್ದು, ಮುಚ್ಚಿದ ಊರು ಎಂದರೆ ಏನೆಂದು ನಿಮಗೆ ಗೊತ್ತೇ? ನೀವು ಕ್ಲೈಂಟ್ ವಿಸಿಟ್ಟಿಗೆ ಹೋಗುವುದು ಅಕ್ಟೋಬರಿನಲ್ಲಿ ಇಲ್ಲವೇ ಮೇ ತಿಂಗಳಲ್ಲಿ. ಆಗ ಕಂಡ ಜರ್ಮನಿ ಬೇರೆ.

2026ರ ಕ್ಯಾಲೆಂಡರ್ ತೆಗೆದು ನೋಡಿ. ಡಿಸೆಂಬರ್ 24 ಗುರುವಾರ. ಅಧಿಕೃತವಾಗಿ ಅದು ರಜಾದಿನವಲ್ಲ, ಆದರೆ ಕಾನೂನಿನ ಪ್ರಕಾರ ಮಧ್ಯಾಹ್ನ 2ಕ್ಕೆ ಅಂಗಡಿಗಳ ಬಾಗಿಲು ಬೀಳುತ್ತದೆ. 25 ಶುಕ್ರವಾರ, 26 ಶನಿವಾರ, ಎರಡೂ ಸಾರ್ವತ್ರಿಕ ರಜೆ. 27 ಭಾನುವಾರ, ಜರ್ಮನಿಯಲ್ಲಿ ಭಾನುವಾರ ದಿನಸಿ ಅಂಗಡಿ ತೆರೆಯುವುದಿಲ್ಲ. ಗುರುವಾರ ಮಧ್ಯಾಹ್ನ ಮುಚ್ಚಿದ್ದು ಸೋಮವಾರ ಬೆಳಿಗ್ಗೆಯೇ ತೆರೆಯುವುದು. ಹತ್ತಿರಹತ್ತಿರ 90 ಗಂಟೆ. ನೀವು 23ರ ರಾತ್ರಿಯ ವಿಮಾನಕ್ಕೆ ಟಿಕೆಟ್ ಮಾಡಿಸಿದರೆ, ಹುಡುಗ ಫ್ರಾಂಕ್‌ಫರ್ಟಿನಲ್ಲಿಳಿದು, ಇಮಿಗ್ರೇಶನ್ ದಾಟಿ, ರೈಲು ಹಿಡಿದು ಹೋಟೆಲ್ ಸೇರಿ ಸ್ನಾನ ಮುಗಿಸುವಷ್ಟರಲ್ಲಿ ಆ 90 ಗಂಟೆ ಶುರುವಾಗಿರುತ್ತದೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ, ಪೆಟ್ರೋಲ್ ಬಂಕಿನ ಅಂಗಡಿ, ಅದೃಷ್ಟವಿದ್ದರೆ ಫಲಾಫಲ್ ಮಾರುವ ಒಂದು ತುರ್ಕಿ ಹೋಟೆಲು, ಇವಿಷ್ಟೇ ದಿಕ್ಕು. ಸಸ್ಯಾಹಾರಿಗಳಿಗೆ ಅದರಲ್ಲೂ ಅರ್ಧ ಕಡಿಮೆ. ನಾವು ಕ್ರಿಸ್ಮಸ್ ಎಂದಾಗ ಕಣ್ಣಮುಂದೆ ತಂದುಕೊಳ್ಳುವ ಬೀದಿ ಮಾರುಕಟ್ಟೆಗಳು, ದೀಪಗಳು, ಜನಜಂಗುಳಿ, ಅವೆಲ್ಲ ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳ ಸಡಗರ. ಬಹುತೇಕ ಕಡೆ 23 ಅಥವಾ 24ಕ್ಕೆ ಗೂಡಂಗಡಿಗಳನ್ನು ಬಿಚ್ಚಿಡುತ್ತಾರೆ. ನಮ್ಮವರು ಇಳಿಯುವುದು ಅದರ ಮರುದಿನಕ್ಕೆ.

ಇಂಗ್ಲೆಂಡ್ ಇನ್ನೊಂದು ಬಗೆ. 25ರಂದು ಅಲ್ಲಿ ರೈಲಿಲ್ಲ, ಲಂಡನ್ನಿನ ಟ್ಯೂಬ್ ಕೂಡ ಇಲ್ಲ. ದೊಡ್ಡ ಅಂಗಡಿಗಳು ಆ ದಿನ ತೆರೆಯಬಾರದೆಂದು 2004ರಲ್ಲಿ ಕಾಯಿದೆಯನ್ನೇ ಮಾಡಿದ್ದಾರೆ. ಹೋಟೆಲಿನಿಂದ ಡೇಟಾ ಸೆಂಟರಿಗೆ ಹತ್ತು ಮೈಲಿ ಇದ್ದರೆ ಟ್ಯಾಕ್ಸಿಯವನು ಕೇಳಿದ್ದೇ ರೇಟು, ಅದೂ ಅವನು ಬಂದರೆ. ಆ ಬಿಲ್ಲು ಫೆಬ್ರವರಿಯಲ್ಲಿ ನಿಮ್ಮ ಫೈನಾನ್ಸ್ ವಿಭಾಗದ ಮುಂದೆ ಬಂದಾಗ ‘ಪಬ್ಲಿಕ್ ಟ್ರಾನ್ಸ್‌ಪೋರ್ಟ್ ಯಾಕೆ ಬಳಸಲಿಲ್ಲ?’ ಎಂದು ಕೇಳುವವರು ಈ ಸಾಲುಗಳನ್ನು ಕತ್ತರಿಸಿಟ್ಟುಕೊಳ್ಳಬಹುದು.

ಒಳಗಿನ ಪರಿಸ್ಥಿತಿಯನ್ನೂ ಹೇಳುತ್ತೇನೆ. ಒಂದು ವರ್ಷ ಸ್ಟುಟ್‌ಗಾರ್ಟಿನ ಹೊರವಲಯದ ಕಾರ್ಖಾನೆಯೊಂದರ ಆಡಳಿತ ಕಟ್ಟಡದಲ್ಲಿ ಕಟೋವರ್. ನಾಲ್ಕು ಮಹಡಿಯ ಕಟ್ಟಡಕ್ಕೆ ನಾವು ಮೂವರು, ಗೇಟಿನಲ್ಲಿ ಒಬ್ಬ ಕಾವಲುಗಾರ. ಹೀಟಿಂಗನ್ನು ರಜೆಯ ಮಟ್ಟಕ್ಕೆ ಇಳಿಸಿಹೋಗಿದ್ದರು, ಅದನ್ನು ಏರಿಸುವ ಅಧಿಕಾರವಿದ್ದವನು ಆಲ್ಪ್ಸ್ ಬೆಟ್ಟದಲ್ಲಿ ಸ್ಕೀಯಿಂಗ್ ಮಾಡುತ್ತಿದ್ದ. ಕ್ಯಾಂಟೀನಿಗೆ ಬೀಗ. ಕಾಫಿ ಯಂತ್ರದ ಪ್ಲಗ್ ಕಿತ್ತು, ತೊಳೆದು, ಬಾಯಿ ತೆರೆದಿಟ್ಟಿದ್ದರು. ಅಲ್ಲಿಯ ದೀಪಗಳು ಅಲುಗಾಟ ಕಂಡರಷ್ಟೇ ಹೊತ್ತಿಕೊಳ್ಳುವಂಥವು. ಕೂತು ಟೈಪ್ ಮಾಡುವವರನ್ನು ಅವು ಮನುಷ್ಯರೆಂದು ಎಣಿಸುವುದಿಲ್ಲ. ಡೇಟಾ ಲೋಡ್ ಅರ್ಧಕ್ಕೆ ಬಂದಿರುವಾಗ ಫಕ್ಕನೆ ಕತ್ತಲು. ಒಬ್ಬರು ಎದ್ದು ಎರಡೂ ಕೈ ಮೇಲೆತ್ತಿ ಬೀಸಬೇಕು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕತ್ತಲು. ಜಾಕೆಟ್ ಹಾಕಿಕೊಂಡೇ ಕೀಬೋರ್ಡ್ ಕುಟ್ಟುತ್ತ, ಸರದಿಯ ಪ್ರಕಾರ ಕೈ ಬೀಸುತ್ತ, ಎಂಟಿಆರ್ ಪೊಟ್ಟಣದ ಬಿಸಿಬೇಳೆಭಾತನ್ನು ಎಲೆಕ್ಟ್ರಿಕ್ ಕೆಟಲಿನ ಬಿಸಿನೀರಿನಲ್ಲಿ ಅದ್ದಿ ತಿನ್ನುತ್ತ ಆ ಕೆಲಸ ಮುಗಿಸಿದೆವು. ಆ ಪ್ರಾಜೆಕ್ಟಿನ ಕ್ಲೋಷರ್ ರಿಪೋರ್ಟಿನಲ್ಲಿ ‘ನೋ ಇಷ್ಯೂಸ್’ ಎಂದಿದೆ. ಕ್ಲೈಂಟಿನ ದೃಷ್ಟಿಯಿಂದ ಅದು ಸರಿಯೇ.

ಹೊರಗೆ ಬೆಳಕಿನ ಕಥೆ ಬೇರೆ. ಆ ವಾರಗಳಲ್ಲಿ ಸ್ಟುಟ್‌ಗಾರ್ಟಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8 ದಾಟಿದ ಮೇಲೆ, ಮುಳುಗುವುದು ಸಂಜೆ 4.30ಕ್ಕೆ. ಸ್ಟಾಕ್‌ಹೋಮಿಗೆ ಕಳಿಸಿದರೆ ಹಗಲೇ ಆರು ಗಂಟೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆ ದಾಟುತ್ತದೆ. ಕತ್ತಲಲ್ಲಿ ಒಳಹೊಕ್ಕು ಕತ್ತಲಲ್ಲಿ ಹೊರಬರುವವರು ಮೂರು ವಾರ ಬಿಸಿಲನ್ನೇ ಕಾಣದಿರಬಹುದು. ಜ್ವರ ಬಂದರೆ ಅಂಗಡಿಯಲ್ಲಿ ಪ್ಯಾರಸಿಟಮಾಲ್ ಸಿಗುವುದಿಲ್ಲ, ಜರ್ಮನಿಯಲ್ಲಿ ಅದನ್ನು ಔಷಧದಂಗಡಿಯವರು ಮಾತ್ರ ಮಾರಬಹುದು. ರಜೆಯಲ್ಲಿ ಸರದಿಯ ಮೇಲೆ ತೆರೆದಿರುವ ಔಷಧದಂಗಡಿ ಯಾವುದೆಂದು ಉಳಿದವುಗಳ ಬಾಗಿಲ ಮೇಲೆ ಬರೆದಿರುತ್ತಾರೆ. ರಜೆಯ ಡಾಕ್ಟರಿಗೆ 116117, ಜೀವಕ್ಕೆ ಅಪಾಯವೆಂದರೆ 112. ಈ ಎರಡು ನಂಬರುಗಳನ್ನು ನಿಮ್ಮ ಟ್ರಾವೆಲ್ ಡೆಸ್ಕು ಕಳಿಸುವ ಮಾರುದ್ದದ ಇಮೇಲಿನಲ್ಲಿ ನಾನು ಒಮ್ಮೆಯೂ ಕಂಡಿಲ್ಲ.

ಇನ್ನು ‘ಇವನಿಗೇನು ಕ್ರಿಸ್ಮಸ್ಸೇ’ ಎಂಬ ಪ್ರಶ್ನೆ. ಎಷ್ಟೋ ಸಲ ಉತ್ತರ ‘ಹೌದು’ ಎಂದೇ ಇರುತ್ತದೆ, ನೀವು ಕೇಳಿರುವುದಿಲ್ಲ ಅಷ್ಟೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬಾಕೆ ಮೂಡಬಿದಿರೆ ಕಡೆಯ ಕಥೊಲಿಕ್ ಮನೆಯವಳು. ಹೆಸರು ಕೇಳಿದರೆ ಧರ್ಮ ತಿಳಿಯುವಂತಿರಲಿಲ್ಲ, ಹೊಸ ಮ್ಯಾನೇಜರ್ ಕೇಳುವ ಗೋಜಿಗೂ ಹೋಗಲಿಲ್ಲ. ಅವರ ಮನೆಯಲ್ಲಿ ಡಿಸೆಂಬರ್ ನಡುವಿನಿಂದಲೇ ಕುಸ್ವಾರ್ ತಯಾರಿ: ಕಿಡ್ಯೊ, ನೆವ್ರ್ಯೊ, ಗುಳ್ಯೊ ಕರಿದು, ಡಬ್ಬಿಗಳಲ್ಲಿ ತುಂಬಿಸಿ, ಹಬ್ಬದ ದಿನ ನೆರೆಮನೆಗಳಿಗೆಲ್ಲ ತಟ್ಟೆಯಲ್ಲಿಟ್ಟು ಹಂಚುವುದು. ಟಿಕೆಟ್ ಬಂದ ಮೇಲೆ ಆಕೆ ಬಾಯಿಬಿಟ್ಟಳು. ‘ಜರ್ಮನಿಯಲ್ಲಿ ಕ್ರಿಸ್ಮಸ್ ಇನ್ನೂ ಗ್ರ್ಯಾಂಡ್ ಆಗಿರುತ್ತಲ್ಲ!’ ಎಂಬ ಉತ್ತರ ಸಿಕ್ಕಿತು. 24ರ ರಾತ್ರಿ ಆಕೆ ಭಾಷೆ ತಿಳಿಯದ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪೂಜೆ ಮುಗಿಸಿ ಬಂದಳು. ಹಬ್ಬವೆಂದರೆ ದೀಪಾಲಂಕಾರ ಎಂದುಕೊಂಡವರಿಗೆ ಮಾತ್ರ ಆ ಉತ್ತರ ಹೊಳೆಯಲು ಸಾಧ್ಯ.

ಉಳಿದವರ ಮನೆಯಲ್ಲಿ ಆಗುವುದೇ ಬೇರೆ. ‘ಹೇಗೂ ಧನುರ್ಮಾಸ, ಮದುವೆ ಮುಂಜಿ ಏನೂ ಇಲ್ಲ, ಹೋಗಿ ಬಾ’ ಎನ್ನುತ್ತಾರೆ ಅಮ್ಮಂದಿರು. ಆ ಒಪ್ಪಿಗೆಯನ್ನೇ ನೀವು ನಂಬಿಕೊಂಡಿದ್ದೀರಿ. ಆದರೆ ಕಟೋವರ್ ಆದ ಮೇಲೆ ಹೈಪರ್‌ಕೇರ್ ಎಂಬ ನಿಗಾ ಅವಧಿ ಇದೆಯಲ್ಲ? ಡಿಸೆಂಬರಿನ ಲೆಕ್ಕ ಮುಚ್ಚುವವರೆಗೆ ಇರಿ, ಜನವರಿಯ ಮೊದಲ ಸಂಬಳ ಓಡುವವರೆಗೆ ಇರಿ, ಇನ್ನೊಂದು ವಾರ ಇರಿ. ವಾಪಸಿನ ಟಿಕೆಟ್ ಮುಂದಕ್ಕೆ ಹೋಗುವುದು ಯಾವಾಗಲೂ ಸಂಕ್ರಾಂತಿಯನ್ನು ದಾಟುವಷ್ಟೇ. ಮಗಳ ಮೊದಲ ಸಂಕ್ರಾಂತಿಗೆ ಎಳ್ಳು ಬೀರುವುದನ್ನು ವಿಡಿಯೊ ಕಾಲಿನಲ್ಲಿ ನೋಡಿದ ತಂದೆಯರು ನಿಮ್ಮ ಟೀಮಿನಲ್ಲೇ ಇದ್ದಾರೆ, ಕೇಳಿ ನೋಡಿ. ಕ್ಲೈಂಟಿನವರ ಹಬ್ಬದಲ್ಲಿ ಅವರಿಗೆ ರಜೆ ಬೇಕು, ನಮ್ಮ ಹಬ್ಬದಲ್ಲಿ ಅವರಿಗೆ ನಾವು ಬೇಕು. ಇದನ್ನು ಕ್ಲೈಂಟಿಗೆ ತಿಳಿಸಿ ಹೇಳಬೇಕಾದವರು ನೀವು. ಮೂರು ವರ್ಷದ ಅನುಭವದ ಇಂಜಿನಿಯರ್ ಹೇಳಲಾರ.

ಟಿಕೆಟ್ಟಿನ ವಿಷಯಕ್ಕೆ ಬರೋಣ. ಯುರೋಪಿನ ಚಳಿಗಾಲದಲ್ಲಿ ವಿಮಾನ ಹೊತ್ತಿಗೆ ಸರಿಯಾಗಿ ಹಾರುತ್ತದೆಂದು ನಂಬಿ ಪ್ಲಾನ್ ಮಾಡುವುದೇ ತಪ್ಪು. 2010ರ ಡಿಸೆಂಬರ್ 18ರಂದು ಹಿಮ ಬಿದ್ದು ಹೀಥ್ರೂ ನಿಂತಾಗ ಸಾವಿರಾರು ಜನ ಟರ್ಮಿನಲ್ಲಿನ ನೆಲದ ಮೇಲೆ ಮಲಗಿದರು. 2023ರ ಡಿಸೆಂಬರ್ 2ರಂದು ಮ್ಯೂನಿಕ್ ವಿಮಾನ ನಿಲ್ದಾಣ ಹಿಮಕ್ಕೆ ಸಿಕ್ಕಿ ಮುಚ್ಚಿತು. 

ಇಂಥ ಹೊತ್ತಿನಲ್ಲಿ ಪ್ರಯಾಣಿಕನ ಕೈ ಹಿಡಿಯುವುದು ಐರೋಪ್ಯ ಒಕ್ಕೂಟದ 2004ರ 261ನೇ ನಿಯಮ. ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಡುವ ಎಲ್ಲ ವಿಮಾನಗಳಿಗೂ ಅದು ಅನ್ವಯ. ಆದರೆ ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ವಿಮಾನ ಕಂಪನಿ ಒಕ್ಕೂಟದ್ದಾಗಿದ್ದರೆ ಮಾತ್ರ. ಕೆಂಪೇಗೌಡ ನಿಲ್ದಾಣದಿಂದ ಫ್ರಾಂಕ್‌ಫರ್ಟಿಗೆ, ಮ್ಯೂನಿಕ್ಕಿಗೆ ನೇರ ವಿಮಾನಗಳಿವೆ. ಕೆಲವು ಸಾವಿರ ರೂಪಾಯಿ ಉಳಿಯುತ್ತದೆಂದು ಟ್ರಾವೆಲ್ ಡೆಸ್ಕಿನವರು ಕೊಲ್ಲಿ ದೇಶಗಳ ಮೇಲೆ ಸುತ್ತಿಸಿ ಕಳಿಸಿದರೆ, ಹೋಗುವ ದಾರಿಯಲ್ಲಿ ಆ ರಕ್ಷಣೆ ತಪ್ಪಿಹೋಗುತ್ತದೆ. ನಿಯಮ ಅನ್ವಯವಾಗುವ ಕಡೆ ಹಿಮದ ಕಾರಣಕ್ಕೆ ರದ್ದಾದರೆ 600 ಯೂರೋ ಪರಿಹಾರ ಸಿಗಲಿಕ್ಕಿಲ್ಲ, ಆದರೆ ಊಟ, ರಾತ್ರಿ ಉಳಿಯಲು ಹೋಟೆಲು, ಎರಡು ಫೋನ್ ಕರೆ, ಇವನ್ನು ಕೊಡಲೇಬೇಕು. ಹಕ್ಕು ಗೊತ್ತಿದ್ದವರು ಕೌಂಟರಿಗೆ ಹೋಗಿ ಕೇಳುತ್ತಾರೆ, ಗೊತ್ತಿಲ್ಲದವರು ಬ್ಯಾಗನ್ನು ತಲೆದಿಂಬು ಮಾಡಿಕೊಳ್ಳುತ್ತಾರೆ.

ವೀಸಾ ಬಗ್ಗೆ ನಿಮಗೆ ನಾನು ಪಾಠ ಹೇಳಬೇಕಿಲ್ಲ. ವರ್ಷಾಂತ್ಯದಲ್ಲಿ ದೂತಾವಾಸಗಳಿಗೂ ರಜೆ, ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ. ಆಗ ‘ಸದ್ಯಕ್ಕೆ ಬಿಸಿನೆಸ್ ವೀಸಾದಲ್ಲಿ ಹೋಗಿರು, ಕೇಳಿದರೆ ಮೀಟಿಂಗ್ ಅನ್ನು’ ಎಂಬ ಮಾತು ಕಾರಿಡಾರಿನಲ್ಲಿ ಓಡಾಡುತ್ತದೆ. ಅಮೆರಿಕದಲ್ಲಿ ಬಿ-1 ವೀಸಾ ದುರ್ಬಳಕೆಯ ಆರೋಪಕ್ಕೆ ಸಂಬಂಧಿಸಿ ಇನ್ಫೋಸಿಸ್ 2013ರಲ್ಲಿ 34 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ತಪ್ಪು ಮಾಡಿದ್ದೇವೆಂದು ಕಂಪನಿ ಒಪ್ಪಿಕೊಳ್ಳಲಿಲ್ಲ. ಅಂಥ ಮೊತ್ತ ಕಟ್ಟಿ ಮುಂದೆ ಸಾಗುವ ಶಕ್ತಿ ಕಂಪನಿಗಿದೆ. ಇಮಿಗ್ರೇಶನ್ ಕೌಂಟರಿನ ಮುಂದೆ ಒಬ್ಬನೇ ನಿಂತವನ ಬಳಿ ಇರುವುದು ಒಂದು ಪಾಸ್‌ಪೋರ್ಟ್ ಮಾತ್ರ. ಅದರ ಮೇಲೆ ಬಿದ್ದ ಠಸ್ಸೆ ಅವನ ಮುಂದಿನ ವೀಸಾಗಳ ದಾರಿಗೆಲ್ಲ ಅಡ್ಡ ಬರುತ್ತದೆ.

ನಿಮ್ಮಲ್ಲಿ ಹಲವರು ಕೇಳಿರದ ಒಂದು ಸಂಗತಿ ಇದೆ. ಜರ್ಮನಿಯ ಕೆಲಸದ ಅವಧಿಯ ಕಾನೂನು ಭಾನುವಾರ ಮತ್ತು ಸಾರ್ವತ್ರಿಕ ರಜೆಯ ದಿನ ದುಡಿಸಿಕೊಳ್ಳುವುದನ್ನು ಮೂಲತಃ ನಿಷೇಧಿಸಿದೆ. ಆಸ್ಪತ್ರೆ, ಹೋಟೆಲು, ಸಾರಿಗೆ, ಕೆಲವು ಬಗೆಯ ಯಂತ್ರ ಮತ್ತು ಕಂಪ್ಯೂಟರ್ ನಿರ್ವಹಣೆ ಇಂಥವಕ್ಕೆ ವಿನಾಯಿತಿ ಉಂಟು. ವಿನಾಯಿತಿಯ ಮೇಲೆ ದುಡಿಸಿದರೂ ಬದಲಿ ವಿಶ್ರಾಂತಿ ದಿನ ಕೊಡಬೇಕು: ಭಾನುವಾರಕ್ಕಾದರೆ ಎರಡು ವಾರದೊಳಗೆ, ವಾರದ ದಿನ ಬಿದ್ದ ರಜೆಗಾದರೆ ಎಂಟು ವಾರದೊಳಗೆ. ದಿನಕ್ಕೆ ಹೆಚ್ಚೆಂದರೆ 10 ಗಂಟೆ, ಎರಡು ಪಾಳಿಗಳ ನಡುವೆ 11 ಗಂಟೆ ಬಿಡುವು ಎಂಬುದು ಅಲ್ಲಿಯ ಸಾಮಾನ್ಯ ನಿಯಮ. ಹೊರದೇಶದಿಂದ ಕಳಿಸಲ್ಪಟ್ಟು ಅಲ್ಲಿ ದುಡಿಯುವವರಿಗೂ ಕೆಲಸದ ಅವಧಿ ಮತ್ತು ಬಿಡುವಿನ ಈ ನಿಯಮಗಳು ಅನ್ವಯಿಸುತ್ತವೆ. ಬೆಂಗಳೂರಿನ ಸಂಬಳದ ಚೀಟಿ ಹಿಡಿದು ಬಂದವರೆಂದು ಕಾನೂನು ಕಣ್ಣು ಮುಚ್ಚುವುದಿಲ್ಲ, ಕಣ್ಣು ಮುಚ್ಚುವವರು ನಾವು. ‘ಕಾಂಪ್-ಆಫ್ ನೋಡೋಣ, ಪ್ರಾಜೆಕ್ಟ್ ಸೆಟ್ಲ್ ಆಗಲಿ’ ಎಂದು ನೀವು ದೊಡ್ಡ ಮನಸ್ಸಿನಿಂದ ಆಡುವ ಮಾತನ್ನು ಅಲ್ಲಿ ಉಪಕಾರವೆಂದು ಯಾರೂ ಕರೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುವುದು ಫೋನಿನ ವಿಷಯ. ಮಾರ್ಚಿನಲ್ಲಿ ಆನ್‌ಸೈಟ್ ಹೋದವರಿಗೆ ತೊಂದರೆಯಾದರೆ ಅಲ್ಲಿ ಕ್ಲೈಂಟ್ ಇದ್ದಾನೆ, ಇಲ್ಲಿ ನೀವಿದ್ದೀರಿ, ನಡುವೆ ಎಚ್‌ಆರ್, ಟ್ರಾವೆಲ್ ಡೆಸ್ಕ್, ಇನ್ಶೂರೆನ್ಸಿನವರು ಇದ್ದಾರೆ. ಡಿಸೆಂಬರ್ ಕೊನೆಯ ವಾರ ಕ್ಲೈಂಟ್ ರಜೆ. ನೀವೂ ಮಿಕ್ಕ ರಜೆಗಳನ್ನು ಮುಗಿಸಲು ಚಿಕ್ಕಮಗಳೂರಿಗೋ ಗೋಕರ್ಣಕ್ಕೋ ಹೋಗಿರುತ್ತೀರಿ. ಟ್ರಾವೆಲ್ ಡೆಸ್ಕಿನಲ್ಲಿ ಅರ್ಧ ಜನ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ, ಆ ಪಾಲಿಸಿಯ ಹಾಳೆ ಎಲ್ಲರ ಫೈಲಿನಲ್ಲೂ ಇರುತ್ತದೆ. ಆದರೆ ತುಮಕೂರಿನಲ್ಲಿ ತಂದೆಗೆ ಎದೆನೋವು ಬಂದು ಐಸಿಯುಗೆ ಸೇರಿಸಿದ್ದಾರೆಂದು ರಾತ್ರಿ ಫೋನ್ ಬಂದರೆ, ಆ ಪಾಲಿಸಿ ಟಿಕೆಟ್ ಕೊಡಿಸುವುದಿಲ್ಲ. ಯುರೋಪಿನ ಅನಿವಾಸಿ ಭಾರತೀಯರೆಲ್ಲ ಮಕ್ಕಳ ಶಾಲೆಗೆ ರಜೆ ಸಿಕ್ಕಿತೆಂದು ಊರಿಗೆ ಹೊರಡುವ ಕಾಲ ಅದು, ಆ ದಿನಗಳಲ್ಲಿ ಭಾರತದ ಕಡೆಗೆ ಸೀಟು ಸಿಗುವುದೇ ಕಷ್ಟ, ಸಿಕ್ಕರೆ ವಿಪರೀತ ಬೆಲೆ. ಆ ಬೆಲೆಗೆ ಅಪ್ರೂವಲ್ ಯಾರು ಕೊಡುತ್ತಾರೆ? ನನಗೆ ಗೊತ್ತಿರುವ ಹುಡುಗನೊಬ್ಬ ಅಪ್ರೂವಲ್ಲಿಗೆ ಕಾಯದೆ ತನ್ನ ಕ್ರೆಡಿಟ್ ಕಾರ್ಡಿನಲ್ಲಿ ಟಿಕೆಟ್ ಕೊಂಡು ಬಂದ. ಹಣ ವಾಪಸ್ ಬರಲು ಯುಗಾದಿ ಆಯಿತು, ‘ಪ್ರೋಸೆಸ್ ಫಾಲೋ ಮಾಡಿಲ್ಲ’ ಎಂಬ ಷರಾದೊಂದಿಗೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಯಾವುದಕ್ಕೂ ಹೊಸ ಪಾಲಿಸಿ ಕಮಿಟಿ ಬೇಕಾಗಿಲ್ಲ.

ಒಂದು, ಹೆಸರು ಬರೆಯುವ ಮುನ್ನ ಆ ಮನುಷ್ಯನನ್ನು ಕೇಳಿ. ಹೋಗಲು ಇಷ್ಟವಿರುವವರು ಇದ್ದೇ ಇರುತ್ತಾರೆ: ಉಳಿಸಿದ ಭತ್ಯೆಯಲ್ಲಿ ತಂಗಿಯ ಫೀಸು ಕಟ್ಟುವವರು, ಹಿಮ ನೋಡಬೇಕೆಂಬ ಆಸೆಯವರು, ಹೊಸವರ್ಷದ ಮುನ್ನಾದಿನದ ಪಟಾಕಿ ನೋಡಲು ಬರ್ಲಿನ್ನಿಗೆ ರೈಲು ಹತ್ತುವವರು. ನಾನೂ ಕೆಲವು ವರ್ಷ ಕೈಯೆತ್ತಿ ಹೋದವರ ಪೈಕಿ. ಈ ವರ್ಷ ಹೋದವರಿಗೆ ಮುಂದಿನ ವರ್ಷ ಬೇಡ ಎನ್ನುವ ಹಕ್ಕಿರಲಿ, ಬೇಡ ಎಂದದ್ದು ಅಪ್ರೈಸಲ್ಲಿನಲ್ಲಿ ‘ಫ್ಲೆಕ್ಸಿಬಲ್ ಅಲ್ಲ’ ಎಂದು ತಿರುಗಿ ಬಾರದಿರಲಿ.

ಎರಡು, ಒಬ್ಬರನ್ನೇ ಕಳಿಸಬೇಡಿ. ಮತ್ತು 20ರ ಒಳಗೆ ಅಲ್ಲಿಳಿಯುವಂತೆ ಟಿಕೆಟ್ ಮಾಡಿಸಿ. ದಿನಸಿ ತರಲು, ದಾರಿ ತಿಳಿಯಲು, ಕ್ಲೈಂಟಿನವರು ಊರು ಬಿಡುವ ಮುಂಚೆ ಬಾಗಿಲ ಕಾರ್ಡು, ಹೀಟಿಂಗು, ಕಾವಲುಗಾರನಿಗೆ ಕೊಡಬೇಕಾದ ಹೆಸರುಗಳ ಪಟ್ಟಿ ಎಲ್ಲ ಸರಿಮಾಡಿಕೊಳ್ಳಲು ಎರಡು ದಿನ ಬೇಕು. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಕೊಡಿ. ತುಪ್ಪ, ಧಾರವಾಡ ಪೇಡ ಇತ್ಯಾದಿ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲವೆಂದು ಮೊದಲೇ ತಿಳಿಸಿ, ಪಾಪ ಅಮ್ಮಂದಿರು ಕಟ್ಟಿಕೊಟ್ಟದ್ದು ಕಸ್ಟಮ್ಸಿನ ಬುಟ್ಟಿ ಸೇರುವುದು ತಪ್ಪುತ್ತದೆ. ಚಟ್ನಿಪುಡಿ, ಅವಲಕ್ಕಿ ತೊಂದರೆಯಿಲ್ಲ.

ಮೂರು, ಆ ಎರಡು ಮೂರು ವಾರ ಬೆಂಗಳೂರಿನಲ್ಲಿ ಒಬ್ಬರ ಫೋನು ರಾತ್ರಿಯೂ ತೆರೆದಿರಲಿ. ತುರ್ತು ವಾಪಸಾತಿಯ ಟಿಕೆಟ್ಟಿಗೆ ಮುಂಗಡ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ನೀವೇ ಫೋನ್ ಎತ್ತಬೇಕೆಂದಿಲ್ಲ. ಎತ್ತುವವರಿಗೆ ಹಣ ಬಿಡುಗಡೆ ಮಾಡುವ ಅಧಿಕಾರವಿದ್ದರೆ ಸಾಕು.

ನಾಲ್ಕು, ಬದಲಿ ರಜೆಯ ತಾರೀಖು ಹೊರಡುವ ಮೊದಲೇ ನಿಗದಿಯಾಗಲಿ. ವಾಪಸಿನ ದಿನಾಂಕ ಸಂಕ್ರಾಂತಿಗೆ ಮುಂಚೆ ಇರಲಿ. ಹೈಪರ್‌ಕೇರ್ ಮುಂದುವರಿದರೆ ಬೇರೆ ಇಬ್ಬರನ್ನು ಕಳಿಸಿ.

ಇದಕ್ಕೆಲ್ಲ ಬಜೆಟ್ ಎಲ್ಲಿದೆ ಎಂದು ಕೇಳುತ್ತೀರಿ. ಕೊನೆಯ ಮಾತು ಅದರ ಬಗ್ಗೆಯೇ. ಜರ್ಮನಿಯ ಆದಾಯ ತೆರಿಗೆ ಕಾಯಿದೆಯಲ್ಲಿ ರಜಾದಿನದ ದುಡಿಮೆಗೆಂದೇ ಒಂದು ಕಲಮು ಇದೆ. ಡಿಸೆಂಬರ್ 31ರ ಮಧ್ಯಾಹ್ನ 2ರ ನಂತರ ಮತ್ತು ಸಾರ್ವತ್ರಿಕ ರಜೆಗಳಲ್ಲಿ ದುಡಿದವರಿಗೆ ಮಾಲೀಕ ಕೊಡುವ ಹೆಚ್ಚುವರಿ ಭತ್ಯೆಗೆ, ಮೂಲ ವೇತನದ ಶೇ 125ರವರೆಗೆ ತೆರಿಗೆ ಇಲ್ಲ. ಡಿಸೆಂಬರ್ 24ರ ಮಧ್ಯಾಹ್ನ 2ರ ನಂತರ, 25, 26 ಹಾಗೂ ಮೇ 1, ಈ ದಿನಗಳಿಗೆ ಶೇ 150ರವರೆಗೆ. ಆ ಸಂಜೆಯ ಒಂದು ಗಂಟೆಯ ದುಡಿಮೆಗೆ ಎರಡೂವರೆ ಪಟ್ಟು ಕೂಲಿ ಕೊಡುವ ಮಾಲೀಕನಿರಬಹುದು ಎಂದು ಆ ದೇಶದ ತೆರಿಗೆ ಇಲಾಖೆಯೇ ಊಹಿಸಿಕೊಂಡಿದೆ. ರಜೆಯ ದಿನದ ದುಡಿಮೆ ದುಬಾರಿ ಎಂಬುದು ನಿಮ್ಮ ಕ್ಲೈಂಟಿಗೆ ಹುಟ್ಟಿದಾಗಿನಿಂದ ಗೊತ್ತು. ಬೆಂಗಳೂರಿನಿಂದ ತರಿಸಿದರೆ ಅದೇ ದುಡಿಮೆ ಮಾಮೂಲು ದರಕ್ಕೆ ಸಿಗುತ್ತದೆ ಎಂದು ಅವನಿಗೆ ಕಲಿಸಿಕೊಟ್ಟವರು ನಾವು. ನಿಮ್ಮ ರೇಟ್ ಕಾರ್ಡಿನಲ್ಲಿ ಡಿಸೆಂಬರ್ 24ಕ್ಕೂ ಜೂನ್ 24ಕ್ಕೂ ವ್ಯತ್ಯಾಸವಿಲ್ಲ. ಅಲ್ಲಿ ಕೂತವರ ದಿನಭತ್ಯೆಯಲ್ಲೂ ಇಲ್ಲ.

ಮುಂದಿನ ಡಿಸೆಂಬರಿನ ಕೊಟೇಶನ್ನುಗಳು ಸೆಪ್ಟೆಂಬರಿನಲ್ಲಿ ಹೊರಡುತ್ತವೆ. ರಜಾದಿನದ ದರ ಎಂದು ಅದರಲ್ಲಿ ಪ್ರತ್ಯೇಕ ಸಾಲೊಂದನ್ನು ಸೇರಿಸಿ. ಕ್ಲೈಂಟ್ ಚೌಕಾಸಿ ಮಾಡಬಹುದು, ಆಶ್ಚರ್ಯಪಡಲಾರ. ಬಂದ ಹೆಚ್ಚುವರಿ ಹಣದಲ್ಲಿ ದೊಡ್ಡ ಪಾಲು ಅಲ್ಲಿ ಹೋಗಿ ಕೂತವರಿಗೆ ಸೇರಲಿ. ಅಷ್ಟಾದರೆ ಯಾರನ್ನು ಕಳಿಸುವುದೆಂದು ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅವರೇ ಬಂದು ಹೆಸರು ಕೊಡುತ್ತಾರೆ.

ಇಂತಿ,
ವರ್ಷಾಂತ್ಯದ ಕಟೋವರುಗಳಲ್ಲಿ ಪಳಗಿದ ನಿಮ್ಮ ಸಹೋದ್ಯೋಗಿ